ಗೆಜೆಟ್ಟಿನ ಹೊಸ್ತಿಲಲ್ಲಿ ಕೃಷ್ಣೆ

ವಿಜಯಪುರದಿಂದ ಉತ್ತರಾಭಿಮುಖವಾಗಿ ಹೊರಟ ಸೊಲ್ಲಾಪುರ ರಸ್ತೆಯ ಚಹಾದಂಗಡಿಗಳಲ್ಲಿಯೂ, ತಿಕೋಟಾದ ದ್ರಾಕ್ಷಿ ಬೆಳೆಗಾರರ ನಡುವೆಯೂ, ಬಬಲೇಶ್ವರದ ಕಟ್ಟೆಗಳ ಮೇಲೆಯೂ ಆಲಮಟ್ಟಿಯ ಮಾತು ಬಂದೊಡನೆ ಕೇಳಿಬರುವ ದೂರು ಸಾಮಾನ್ಯವಾಗಿ ಎರಡು ಬಗೆಯದು: ಮಹಾರಾಷ್ಟ್ರದವರು ಬಿಡಲೊಲ್ಲರು ಎಂಬುದು ಒಂದು, ದಿಲ್ಲಿಯವರಿಗೆ ನಮ್ಮ ಮೇಲೆ ಕರುಣೆಯಿಲ್ಲ ಎಂಬುದು ಇನ್ನೊಂದು. ಎರಡರಲ್ಲಿಯೂ ಸತ್ಯಾಂಶವಿದ್ದೀತು. ಆದರೆ ರೋಗದ ಮೂಲವನ್ನು ನೆರೆಯವರ ಮತ್ಸರದಲ್ಲಿಯೂ ಪಕ್ಷಗಳ ಅಲಕ್ಷ್ಯದಲ್ಲಿಯೂ ಹುಡುಕಿ ದಣಿಯುವುದಕ್ಕಿಂತ, ವಿಚಾರಣೆ ನಡೆದು ಹೊರಬಿದ್ದ ತೀರ್ಪೊಂದಕ್ಕೆ ಪ್ರಾಣಪ್ರತಿಷ್ಠೆ ಮಾಡುವ ಅಧಿಕಾರವನ್ನು ಕಾರ್ಯಾಂಗದ ಕೈಗೆ ಒಪ್ಪಿಸಿಟ್ಟ 1956ರ ಅಂತರರಾಜ್ಯ ಜಲವಿವಾದ ಅಧಿನಿಯಮದ ಆರನೆಯ ಪ್ರಕರಣವನ್ನು ಒಮ್ಮೆ ಓದುವುದು ಮೇಲೆಂದು ನನ್ನ ಮತ.

ನ್ಯಾಯಮೂರ್ತಿ ಬಚಾವತರ ಮೊದಲನೆಯ ನ್ಯಾಯಾಧಿಕರಣದ ಹಂಚಿಕೆಯ ತರುವಾಯ, 2004ರಲ್ಲಿ ರಚಿತವಾದ ನ್ಯಾಯಮೂರ್ತಿ ಬ್ರಿಜೇಶ್ ಕುಮಾರರ ಎರಡನೆಯ ನ್ಯಾಯಾಧಿಕರಣವು, ಮೂರು ರಾಜ್ಯಗಳ ವಾದಗಳನ್ನು ವರ್ಷಗಟ್ಟಲೆ ಆಲಿಸಿ, 2010ರ ಡಿಸೆಂಬರ್ 30ರಂದು ನಿರ್ಣಯವನ್ನಿತ್ತು, ಆಲಮಟ್ಟಿಯ ಜಲಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ಸಮ್ಮತಿಸಿತು. ಸ್ಪಷ್ಟೀಕರಣದ ಅರ್ಜಿಗಳನ್ನು ವಿಚಾರಿಸಿ 2013ರ ನವೆಂಬರ್ 29ರಂದು ಕೊಟ್ಟ ಮುಂದಿನ ವರದಿಯಲ್ಲಿಯೂ ಆ ಸಮ್ಮತಿಯನ್ನು ಹಿಂತೆಗೆಯಲಿಲ್ಲ. ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದ 130 ಟಿ.ಎಂ.ಸಿ. ನೀರು ಈ ಎತ್ತರವನ್ನೇ ನೆಚ್ಚಿಕೊಂಡಿದೆ. ಇಷ್ಟರ ನಡುವೆ, 2011ರ ಸೆಪ್ಟೆಂಬರ್ 16ರಂದು, ಮುಂದಿನ ಆದೇಶದವರೆಗೆ ನಿರ್ಣಯವನ್ನು ಗೆಜೆಟ್ಟಿನಲ್ಲಿ ಪ್ರಕಟಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಅಪ್ಪಣೆ ಮಾಡಿತು. ಆ ಮುಂದಿನ ಆದೇಶದ ದಾರಿ ಕಾಯುತ್ತ ಒಂದು ದಶಕಕ್ಕೂ ಮಿಗಿಲಾದ ಕಾಲ ಸಂದುಹೋಯಿತು.

ಇಲ್ಲಿಯ ವೈಚಿತ್ರ್ಯವನ್ನು ಗಮನಿಸಬೇಕು. ನದಿಯ ಜಗಳಗಳು ಸಾಮಾನ್ಯ ವ್ಯಾಜ್ಯಗಳಂತೆ ನ್ಯಾಯಾಲಯಗಳಲ್ಲಿ ಕೊಳೆಯಬಾರದೆಂಬ ಉದ್ದೇಶದಿಂದಲೇ ಸಂವಿಧಾನದ 262ನೆಯ ಅನುಚ್ಛೇದವು ಸರ್ವೋಚ್ಚ ನ್ಯಾಯಾಲಯವನ್ನೂ ದೂರವಿಡುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿತು. ಸಂಸತ್ತು 1956ರ ಅಧಿನಿಯಮದ 11ನೆಯ ಪ್ರಕರಣದಲ್ಲಿ ಹಾಗೆಯೇ ಬಾಗಿಲು ಹಾಕಿತು. ಆದರೆ ನ್ಯಾಯಾಧಿಕರಣದ ನಿರ್ಣಯವು ಕೇಂದ್ರ ಸರಕಾರದ ಗೆಜೆಟ್ಟಿನಲ್ಲಿ ಅಚ್ಚಾದ ಮೇಲೆಯೇ ರಾಜ್ಯಗಳನ್ನು ಬಂಧಿಸುವುದೆಂದು ಅದೇ ಅಧಿನಿಯಮ ವಿಧಿಸಿತು. ಅನುಚ್ಛೇದ 136ರ ಮೇರೆಗೆ ಮೇಲ್ಮನವಿಯನ್ನು ತಾನು ಆಲಿಸಬಲ್ಲೆನೆಂದು 2016ರ ಡಿಸೆಂಬರಿನಲ್ಲಿ ಕಾವೇರಿ ಪ್ರಕರಣದಲ್ಲಿ ನ್ಯಾಯಾಲಯವೇ ಸಾರಿದ ಮೇಲಂತೂ, ಶಾಸಕಾಂಗ ಹಾಕಿದ ಬಾಗಿಲು ಹಾಗೆಯೇ ಇದ್ದು, ಪಕ್ಕದ ಗೋಡೆಯಲ್ಲಿ ಕಿಂಡಿ ತೆರೆದಂತಾಯಿತು. ಇಷ್ಟಾದ ಮೇಲೂ ಕೇಂದ್ರವು ‘ತಡೆಯಿದೆ’ ಎನ್ನುತ್ತದೆ. ರಾಜ್ಯವು ‘ಕೇಂದ್ರ ಹೊರಡಿಸಲಿಲ್ಲ’ ಎನ್ನುತ್ತದೆ. ಇಬ್ಬರ ಮಾತೂ ನಿಜವೇ ಆಗಿರುವುದರಿಂದ ಇಬ್ಬರಿಗೂ ನಾಚಿಕೆಯಿಲ್ಲ.

ಅಮೆರಿಕೆಯವರ ವ್ಯವಸ್ಥೆಯನ್ನು ಇದರೊಡನೆ ಹೋಲಿಸಿ ನೋಡುವುದು ಉಪಯುಕ್ತ. ಅವರ ಸಂವಿಧಾನದ ಮೂರನೆಯ ಅನುಚ್ಛೇದವು ರಾಜ್ಯ ರಾಜ್ಯಗಳ ವ್ಯಾಜ್ಯವನ್ನು ನೇರವಾಗಿ ಸುಪ್ರೀಮ್ ಕೋರ್ಟಿನ ಮೂಲ ಅಧಿಕಾರವ್ಯಾಪ್ತಿಗೆ ಸೇರಿಸಿದೆ. ರಾಜ್ಯಗಳು ತಾವೇ ಒಪ್ಪಂದ ಮಾಡಿಕೊಳ್ಳುವುದಾದರೆ ಕಾಂಗ್ರೆಸ್ಸಿನ ಅನುಮತಿ ಬೇಕೆಂದು ಮೊದಲನೆಯ ಅನುಚ್ಛೇದ ಹೇಳುತ್ತದೆ. ಕಾನ್ಸಾಸ್ ಮತ್ತು ಕೊಲರಾಡೊಗಳ ನಡುವಿನ 1907ರ ಪ್ರಕರಣದಿಂದ ಮೊದಲ್ಗೊಂಡು ಸಮನ್ಯಾಯದ ಹಂಚಿಕೆಯ ತತ್ತ್ವವನ್ನು ಆ ನ್ಯಾಯಾಲಯವೇ ಬೆಳೆಸಿತು. ಅಲ್ಲಿ ವಿಳಂಬವಿಲ್ಲವೆಂದು ಯಾರೂ ಭ್ರಮಿಸಬೇಕಿಲ್ಲ. 1952ರಲ್ಲಿ ಅರಿಜೋನಾ ಕ್ಯಾಲಿಫೋರ್ನಿಯಾದ ಮೇಲೆ ಹೂಡಿದ ದಾವೆಯ ತೀರ್ಪು ಬಂದದ್ದು 1963ರಲ್ಲಿ. ಆದರೆ ತೀರ್ಪು ಹೊರಬಿದ್ದ ಮೇಲೆ ಅದನ್ನು ಜಾರಿಗೆ ತರಲು ಅಧ್ಯಕ್ಷನ ಅಚ್ಚುಕೂಟದ ಕೃಪೆಗಾಗಿ ಕಾಯಬೇಕಾಗಿರಲಿಲ್ಲ. ಟೆಕ್ಸಾಸ್ ಮತ್ತು ನ್ಯೂ ಮೆಕ್ಸಿಕೊಗಳು ತಮ್ಮೊಳಗೆ ಮಾಡಿಕೊಂಡ ರಾಜಿಯನ್ನು 2024ರಲ್ಲಿ ಅಲ್ಲಿಯ ಒಕ್ಕೂಟ ಸರಕಾರ ವಿರೋಧಿಸಿ, ಐದು–ನಾಲ್ಕರ ಬಹುಮತದಿಂದ ಗೆದ್ದದ್ದೂ ಉಂಟು. ಆದರೆ ಅದು ನ್ಯಾಯಾಲಯದ ಮುಂದೆ ನಿಂತು, ತಾನೂ ಒಬ್ಬ ಕಕ್ಷಿದಾರನಂತೆ ವಾದಿಸಿ ಗೆಲ್ಲಬೇಕಾಯಿತು. ನಮ್ಮಲ್ಲಿ ಒಕ್ಕೂಟ ಸರಕಾರಕ್ಕೆ ವಾದಿಸುವ ಶ್ರಮವೂ ಇಲ್ಲ, ಸುಮ್ಮನಿದ್ದರೆ ಸಾಕು.

ಈ ಸುಮ್ಮನಿರುವಿಕೆಗೆ ಪೂರ್ವೇತಿಹಾಸವುಂಟು. ಕಾವೇರಿಯ ಅಂತಿಮ ತೀರ್ಪು 2007ರ ಫೆಬ್ರವರಿಯಲ್ಲಿ ಬಂದು, ಗೆಜೆಟ್ಟನ್ನು ಕಂಡದ್ದು 2013ರ ಫೆಬ್ರವರಿಯಲ್ಲಿ, ಅದೂ ನ್ಯಾಯಾಲಯ ಒತ್ತಾಯಿಸಿದ ಮೇಲೆ. ಈ ಜಡತೆಯಿಂದ ಬೇಸತ್ತು, ರಾಜ್ಯವೇ ಶಾಸನ ಮಾಡಿ ಗೇಟುಗಳನ್ನು ಏರಿಸಲಿ ಎನ್ನುವ ಆವೇಶಭರಿತರು 1991ನ್ನು ಮರೆತಿದ್ದಾರೆ. ಬಂಗಾರಪ್ಪನವರ ಸರಕಾರವು ಕಾವೇರಿ ನ್ಯಾಯಾಧಿಕರಣದ ಮಧ್ಯಂತರ ಆದೇಶವನ್ನು ಸುಗ್ರೀವಾಜ್ಞೆಯಿಂದ ನಿವಾರಿಸಲು ಹೋದಾಗ, ಒಂದು ರಾಜ್ಯದ ಶಾಸಕಾಂಗವು ತನ್ನದೇ ವ್ಯಾಜ್ಯದಲ್ಲಿ ತಾನೇ ನ್ಯಾಯಾಧೀಶನಾಗಲಾರದೆಂದು ಸರ್ವೋಚ್ಚ ನ್ಯಾಯಾಲಯ ಆ ನವೆಂಬರಿನಲ್ಲಿ ಅಭಿಪ್ರಾಯವಿತ್ತಿತು. ಅಂದು ನಮಗೆ ಕಹಿಯಾದ ಆ ನ್ಯಾಯ ಸರಿಯಾದುದೇ. ಆದರೆ ರಾಜ್ಯದ ಶಾಸಕಾಂಗಕ್ಕೆ ಸಲ್ಲದ ಅಧಿಕಾರವು ಕೇಂದ್ರದ ಕಾರ್ಯಾಂಗಕ್ಕೆ ಮೌನದ ರೂಪದಲ್ಲಿ ಹೇಗೆ ಸಂದೀತು?

ತಡೆ ಕೊಟ್ಟದ್ದು ನ್ಯಾಯಾಲಯ, ಇದರಲ್ಲಿ ಗೆಜೆಟ್ಟಿನ ತಪ್ಪೇನು ಎಂದು ಕೇಳುವವರುಂಟು. ತೀರ್ಪು ತಾನಾಗಿಯೇ ಜಾರಿಗೆ ಬರುವಂತಿದ್ದರೆ, ಅದನ್ನು ತಡೆಯಬೇಕೆನ್ನುವವನು ಎಷ್ಟು ನೀರಿನ ಮೇಲೆ, ಎಷ್ಟು ಕಾಲ, ಯಾವ ಹಾನಿಗಾಗಿ ಎಂದು ತೋರಿಸಬೇಕಾಗುತ್ತಿತ್ತು. ಮುದ್ರಣವೊಂದನ್ನು ನಿಲ್ಲಿಸಿದರೆ ಇಡೀ ನಿರ್ಣಯವೇ ನಿಲ್ಲುವ ಈ ಸುಲಭೋಪಾಯ ಅವನಿಗೆ ದೊರೆಯುತ್ತಿರಲಿಲ್ಲ. ಈ ದೋಷ ಸಂಸತ್ತಿಗೆ ತಿಳಿಯದುದಲ್ಲ. ಪ್ರಕಟಣೆಯ ಕಟ್ಟಳೆಯನ್ನು ಕಿತ್ತುಹಾಕುವ ತಿದ್ದುಪಡಿ ಮಸೂದೆಯನ್ನು ಲೋಕಸಭೆಯು 2019ರ ಜುಲೈ 31ರಂದು ಅಂಗೀಕರಿಸಿತು. ರಾಜ್ಯಸಭೆಯಲ್ಲಿ ಅದು ಕುಳಿತಲ್ಲೇ ಕುಳಿತು, 2024ರಲ್ಲಿ ಲೋಕಸಭೆಯ ವಿಸರ್ಜನೆಯೊಡನೆ ಅಳಿಯಿತು. ಯಾರೂ ಅತ್ತ ಸುದ್ದಿಯನ್ನು ನಾನು ಕಾಣೆ.

ತುಬಚಿ–ಬಬಲೇಶ್ವರ ಏತ ನೀರಾವರಿಯು ಕೃಷ್ಣೆಯನ್ನು ಮೇಲೆತ್ತಿ ತಂದುದನ್ನು ಕಣ್ಣಾರೆ ಕಂಡ, ಅದಕ್ಕೆ ಮುಂಚೆ ಬರಗಾಲದಲ್ಲಿ ದ್ರಾಕ್ಷಿ ಪಡಗಳಿಗೆ ಟ್ಯಾಂಕರಿನಲ್ಲಿ ನೀರುಣಿಸಿ ಮಣೂಕ ಮಾಡಿದ ಇಲ್ಲಿಯ ರೈತನಿಗೆ ನೀರಿನ ಬೆಲೆಯನ್ನು ಯಾರೂ ಬೋಧಿಸಬೇಕಿಲ್ಲ. ಅವನಿಗಿಂತ ಕಷ್ಟದಲ್ಲಿರುವವರು ಹಿನ್ನೀರಿನ ದಂಡೆಯವರು. ಮುಳುಗಲಿರುವ ಭೂಮಿಗೆ ನೀರಾವರಿಯಾದರೆ ಎಕರೆಗೆ 40 ಲಕ್ಷ, ಒಣಭೂಮಿಯಾದರೆ 30 ಲಕ್ಷ ರೂಪಾಯಿಯೆಂದು ರಾಜ್ಯದ ಸಚಿವಸಂಪುಟ 2025ರ ಸೆಪ್ಟೆಂಬರಿನಲ್ಲಿ ನಿಶ್ಚಯಿಸಿತು. ಆದರೆ ಎಂದು ಮುಳುಗುವುದೆಂಬುದೇ ಗೊತ್ತಿಲ್ಲದ ಹೊಲದಲ್ಲಿ ಬಾವಿ ತೋಡುವುದೋ ಬಿಡುವುದೋ ಎಂಬ ಪ್ರಶ್ನೆಗೆ ಸಂಪುಟದಲ್ಲಿ ಉತ್ತರವಿಲ್ಲ.

2018ರ ಮಹದಾಯಿ ತೀರ್ಪನ್ನು, ಮೇಲ್ಮನವಿಗಳು ಬಾಕಿಯಿರುವಾಗಲೇ, ಸರ್ವೋಚ್ಚ ನ್ಯಾಯಾಲಯದ ಅನುಮತಿಯಿಂದ 2020ರ ಫೆಬ್ರವರಿಯಲ್ಲಿ ಗೆಜೆಟ್ಟಿಗೆ ಏರಿಸಲಾಯಿತು. ರಾಜ್ಯದ ವಕೀಲರು ಆ ನಿದರ್ಶನವನ್ನೇ ಹಿಡಿದು ಕೃಷ್ಣೆಗೂ ಅದೇ ಅನುಮತಿಯನ್ನು ಬೇಡಲಿ. ಲೋಕಸಭೆಯಲ್ಲಿ ಕರ್ನಾಟಕದಿಂದ ಕುಳಿತ 28 ಮಂದಿ ಸದಸ್ಯರು, ಪಕ್ಷದ ಪಟ್ಟಿಯನ್ನು ಒಂದು ದಿನ ಬದಿಗಿರಿಸಿ, ಅಳಿದ ಮಸೂದೆಯಲ್ಲಿ ಪ್ರಕಟಣೆಗೆ ಸಂಬಂಧಿಸಿದ ಆ ಒಂದು ಕಲಮನ್ನಾದರೂ ಮತ್ತೆ ಸದನದ ಮುಂದಿಡಲಿ.