ಕೆವಿಎಂ ಮೆನುವಿನ ಎರಡು ಸುಳ್ಳುಗಳು

ಕೆವಿಎಂ ಸ್ವಿಚ್ಚಿನ ಸೆಟ್ಟಿಂಗ್ಸ್ ಮೆನುವಿನಲ್ಲಿ ಎರಡು ಸುಳ್ಳುಗಳಿವೆ. ಒಂದರ ಹೆಸರು ಸ್ಕ್ರೀನ್ ಸೇವರ್, ಇನ್ನೊಂದರ ಹೆಸರು ಕೀಬೋರ್ಡ್ ಲ್ಯಾಂಗ್ವೇಜ್. ಇವನ್ನ ಡಿಕ್ಷನರಿ ಹಿಡಿದು "ಪರದೆ ರಕ್ಷಕ", "ಕೀಲಿಮಣೆ ಭಾಷೆ" ಅಂತ ಕನ್ನಡಿಸಲು ಹೊರಡುವ ಗೆಳೆಯರ ಮೇಲೆ ನನ್ನದೊಂದು ತಕರಾರು.

ಗೊತ್ತಿಲ್ಲದವರಿಗೆ ಎರಡು ಮಾತು. ಕೆವಿಎಂ ಅಂದರೆ ಒಂದೇ ಕೀಬೋರ್ಡು, ಒಂದೇ ಮಾನಿಟರು, ಒಂದೇ ಮೌಸಿನಿಂದ ಎಂಟೋ ಹದಿನಾರೋ ಸರ್ವರುಗಳನ್ನ ಒಂದೊಂದಾಗಿ ನಡೆಸುವ ಡಬ್ಬಿ. ಪ್ರತಿ ಸರ್ವರಿನ ಮುಂದೂ "ನಾನೇ ನಿನ್ನ ಕೀಬೋರ್ಡು" ಅಂತ ವೇಷ ಹಾಕುವುದು ಅದರ ಕೆಲಸ.

ಮೊದಲು ಸ್ಕ್ರೀನ್ ಸೇವರ್. ಹಳೇ ಸಿಆರ್‌ಟಿ ಮಾನಿಟರಿನಲ್ಲಿ ಒಂದೇ ಚಿತ್ರ ಬಹಳ ಹೊತ್ತು ನಿಂತರೆ ಒಳಗಿನ ರಂಜಕದ ಲೇಪ ಸವೆದು ಅಚ್ಚು ಉಳಿಯುತ್ತಿತ್ತು. ಅದನ್ನ ತಪ್ಪಿಸಲು ಬಂದ ಹೆಸರಿದು. ಇವತ್ತು ರ‍್ಯಾಕಿನಲ್ಲಿರುವ ಎಲ್‌ಸಿಡಿಗೆ ಆ ಭಯ ಅಷ್ಟಾಗಿ ಇಲ್ಲ. ನಮಗೆ ಬೇಕಾಗಿರುವುದು ರಕ್ಷಣೆಯಲ್ಲ, ಬೀಗ. ಆದರೆ ಸ್ವಿಚ್ಚು ಪರದೆ ಕಪ್ಪು ಮಾಡಿದರೆ ಸರ್ವರಿಗೆ ಬೀಗ ಬೀಳುವುದಿಲ್ಲ! ಸ್ವಿಚ್ಚಿಗೆ ಪಾಸ್‌ವರ್ಡ್ ಹಾಕಿಲ್ಲವಾದರೆ ಮೌಸ್ ಅಲುಗಾಡಿಸಿದರೆ ಸಾಕು, ರೂಟ್ ಲಾಗಿನ್ ತೆರೆದ ಬಾಗಿಲ ಹಾಗೆ ಕಾದಿರುತ್ತೆ. "ರಕ್ಷಕ" ಇದ್ದಾನೆ ಅಂತ ನೆಮ್ಮದಿಯಿಂದ ಟೀ ಕುಡಿಯಲು ಹೋದವನಿಗೆ ಮೋಸ ಮಾಡಿದ್ದು ಆ ಹೆಸರೇ.

ಇನ್ನು ಕೀಬೋರ್ಡ್ ಲ್ಯಾಂಗ್ವೇಜ್. ಯುಎಸ್‌ಬಿ ಕೀಬೋರ್ಡುಗಳ ಎಚ್‌ಐಡಿ 1.11 ನಿಯಮಾವಳಿಯಲ್ಲಿ 1ರಿಂದ 35ರವರೆಗೆ ಇಂಥ ಸಂಕೇತಗಳಿವೆ. ಹೀಬ್ರೂ 11, ಪರ್ಷಿಯನ್ 20. 2003ರಲ್ಲಿ ಹೆಸರೂ ಅಳಿಸಿಹೋದ ಯುಗೊಸ್ಲಾವಿಯಕ್ಕೆ 34. ಭಾರತದ ಒಂದು ಭಾಷೆಯೂ ಇಲ್ಲ. ಇದನ್ನ ನೋಡಿ ಒಬ್ಬರು "ಕನ್ನಡಕ್ಕೆ ಅವಮಾನ" ಅಂತಾರೆ, ಇನ್ನೊಬ್ಬರು "ನೋಡಿ, ಸರ್ವರಿನಲ್ಲಿ ಕನ್ನಡ ನಡೆಯಲ್ಲ" ಅಂತಾರೆ. ಇಬ್ಬರೂ ಹೆಸರಿಗೆ ಮೋಸಹೋದವರು.

ಅಲ್ಲಿ ಭಾಷೆಯ ಮಾತೇ ಇಲ್ಲ ಸ್ವಾಮಿ. ಯಾವ ಕೀಲಿಯ ಮೇಲೆ ಏನು ಅಚ್ಚಾಗಿದೆ ಅನ್ನುವುದಷ್ಟೇ ಇರುವುದು. ಕೀಬೋರ್ಡು ಅಕ್ಷರ ಕಳಿಸುವುದಿಲ್ಲ, ಕೀಲಿಯ ಜಾಗದ ನಂಬರು ಕಳಿಸುತ್ತೆ. ಅದನ್ನ ಕನ್ನಡ ಮಾಡುವುದು ಸರ್ವರಿನ ಆಪರೇಟಿಂಗ್ ಸಿಸ್ಟಂ. 1991ರ ಐಎಸ್ 13194 ಮಾನಕದಲ್ಲಿರುವ ಇನ್‌ಸ್ಕ್ರಿಪ್ಟ್ ನಿಂತಿರುವುದು ಕೀಲಿಯ ಜಾಗದ ಮೇಲೆಯೇ. ನಮ್ಮಲ್ಲಿ ಮಾರುವ ಕೀಬೋರ್ಡುಗಳು ಬಹುಪಾಲು ಅಮೆರಿಕನ್ ಜೋಡಣೆಯವು. ಆದ್ದರಿಂದ ಕನ್ನಡ ಬರೆಯುವವನೂ ಅಲ್ಲಿ "ಯುಎಸ್" ಅಂತಲೇ ಇಡಬೇಕು. ನೆಟ್‌ವರ್ಕ್ ಮೂಲಕ ಬಳಸುವ ಕೆವಿಎಂನಲ್ಲಿ ಫ್ರೆಂಚ್ ಆರಿಸಿದಿರೋ, ಎ ಮತ್ತು ಕ್ಯೂ ಕೀಲಿಗಳು ಅದಲುಬದಲಾಗಿ "ಮೋಡ" ಬರೆಯಹೋದರೆ "ಮೌಡ" ಆದೀತು. ಬ್ರಿಟಿಷ್ ಆರಿಸಿದರೆ "ಅಟ್" ಚಿಹ್ನೆಯೂ ಜೋಡಿ ಉದ್ಧರಣ ಚಿಹ್ನೆಯೂ ಜಾಗ ಬದಲಿಸುತ್ತವೆ. ಪಾಸ್‌ವರ್ಡಿನಲ್ಲಿ ಕಾಣುವುದು ಬರೀ ಚುಕ್ಕಿ. ಮೂರು ಸಲ ತಪ್ಪಾಗಿ ಅಕೌಂಟ್ ಲಾಕ್ ಆದರೂ ಕಾರಣ ಹೊಳೆಯುವುದಿಲ್ಲ.

"ಹೆಸರಲ್ಲೇನಿದೆ, ಇಂಜಿನಿಯರಿಗೆ ಗೊತ್ತಿರುತ್ತೆ ಬಿಡಿ" ಅನ್ನಬಹುದು. ರಾತ್ರಿ ಪಾಳಿಯಲ್ಲಿ ಸರ್ವರ್ ಬಿದ್ದಾಗ ಹೊಸ ಹುಡುಗ ಮ್ಯಾನುಯಲ್ ಓದುವುದಿಲ್ಲ, ಮೆನು ಓದುತ್ತಾನೆ. ಇಂಗ್ಲಿಷಿನವರು ಹಳೇ ಹೆಸರಿಗೆ ಜೋತುಬಿದ್ದಿದ್ದಾರೆ, ಇರಲಿ. ನಮಗೆ ಆ ಹಂಗಿಲ್ಲವಲ್ಲ! ಹೊಸದಾಗಿ ಹೆಸರಿಡುವ ಅವಕಾಶ ಸಿಕ್ಕಾಗಲೂ ಅವರ ಸುಳ್ಳನ್ನೇ ಅನುವಾದಿಸಿದರೆ ಅದು ಕನ್ನಡದ ಸೇವೆ ಹೇಗಾದೀತು?

"ಕೀಲಿ ಜೋಡಣೆ" ಅನ್ನಿ. "ಪರದೆ ಆರಿಸು" ಬೇರೆ, "ಬೀಗ ಹಾಕು" ಬೇರೆ ಅಂತ ಬರೆಯಿರಿ. ಇದಕ್ಕಿಂತ ಒಳ್ಳೆಯ ಪದ ಹೊಳೆದರೆ ಕಾಮೆಂಟಿನಲ್ಲಿ ಹಾಕಿ, ಜಗಳಕ್ಕೂ ಸ್ವಾಗತ. ಆದರೆ ಪದ ಹುಡುಕುವ ಮುನ್ನ ಆ ಬಟನ್ ಏನು ಮಾಡುತ್ತೆ ಅಂತ ಒಮ್ಮೆ ಒತ್ತಿ ನೋಡಿ.