ಯುವ ವೈದ್ಯರ ನಡತೆಯ ಪರೀಕ್ಷೆ

ವೈದ್ಯನಾಗತಕ್ಕವನಿಗೆ ಶಾಸ್ತ್ರಜ್ಞಾನವಿದೆಯೋ ಇಲ್ಲವೋ ಎಂಬುದನ್ನು ಪರೀಕ್ಷಕರು ಪ್ರಶ್ನೆ ಕೇಳಿ ತಿಳಿಯಬಲ್ಲರು. ಆದರೆ ನಡುರಾತ್ರಿಯಲ್ಲಿ ದಾದಿಯು ಕರೆಕಳುಹಿದಾಗ ಆತನು ಎದ್ದು ಬರುವನೋ ಗದರಿಸಿ ಕಳುಹುವನೋ, ತನಗೆ ತಿಳಿಯದುದನ್ನು ಹಿರಿಯರೊಡನೆ ವಿಚಾರಿಸುವನೋ ಮುಚ್ಚಿಡುವನೋ ಎಂಬುದನ್ನು ಯಾವ ಪ್ರಶ್ನಪತ್ರಿಕೆಯೂ ಹೊರಗೆಡಹಲಾರದು. ಅದನ್ನು ಬಲ್ಲವರು ಆತನ ಜೊತೆಯಲ್ಲಿ ದುಡಿಯುವವರು. ಅವರ ಅಭಿಪ್ರಾಯವನ್ನು ಕ್ರಮವಾಗಿ ಸಂಗ್ರಹಿಸಿ ತರುಣ ವೈದ್ಯರನ್ನು ತಿದ್ದುವ ಪದ್ಧತಿಯು ನಮ್ಮ ಮೆಡಿಕಲ್ ಕಾಲೇಜುಗಳಲ್ಲಿ ನೆಲೆಗೊಳ್ಳಬೇಕೆಂದು ನಾವು ಬಲವಾಗಿ ಸೂಚಿಸುತ್ತೇವೆ.

ಎಂ.ಬಿ.ಬಿ.ಎಸ್. ವ್ಯಾಸಂಗದ ನಾಲ್ಕೂವರೆ ವರ್ಷಗಳು ಮುಗಿದ ಬಳಿಕ ವಿದ್ಯಾರ್ಥಿಯು ಒಂದು ವರ್ಷ ಹೌಸ್‌ಸರ್ಜನ್ ಆಗಿ ದುಡಿಯತಕ್ಕದ್ದು. 2021ರ ನಿಯಮಗಳ ಮೇರೆಗೆ ಇದರಲ್ಲಿ 12 ವಾರಗಳು ಸಮುದಾಯ ವೈದ್ಯವಿಭಾಗಕ್ಕೆ ಸಲ್ಲುತ್ತವೆ. ಮಾಡಿದ ಕೆಲಸವನ್ನು ಲಾಗ್‌ಬುಕ್ಕಿನಲ್ಲಿ ಬರೆದು ಮೇಲಿನವರ ರುಜು ಪಡೆಯುವುದು ಕ್ರಮ. 2019ರಲ್ಲಿ ಜಾರಿಗೆ ಬಂದ ಪಠ್ಯಕ್ರಮವು ವೈದ್ಯನ ಮನೋವೃತ್ತಿ, ನೀತಿ, ಸಂಭಾಷಣೆಗಳನ್ನೂ ಪಾಠದಲ್ಲಿ ಸೇರಿಸಿದೆ. ಇದು ಸ್ತುತ್ಯವೇ. ಆದರೆ ರುಜು ಹಾಕುವವರು ತರುಣನನ್ನು ಕಾಣುವುದು ಬಹುಮಟ್ಟಿಗೆ ತಮ್ಮ ಎದುರಿನಲ್ಲಿ. ದೊಡ್ಡವರ ಎದುರಿನಲ್ಲಿ ಎಲ್ಲರೂ ಸಾಧುಗಳೇ.

ಪಟ್ಟಣದಲ್ಲಿ ಒಬ್ಬ ವೈದ್ಯನು ಒರಟನಾದರೆ ರೋಗಿಯು ಇನ್ನೊಬ್ಬನ ಬಳಿಗೆ ಹೋದಾನು. ಕಾಕನಕೋಟೆಯ ಕಾಡಂಚಿನ ಹಾಡಿಗಳವರಿಗೆ ಆ ಅನುಕೂಲವೆಲ್ಲಿ? ಕೂಲಿ ಬಿಟ್ಟು ಬಂದ ಜೇನುಕುರುಬ ಹೆಂಗಸೊಬ್ಬಳು ಒಂದು ಗದರಿಕೆಗೆ ಹೆದರಿ ಮರಳಿ ಬಾರದೆ ಹೋದರೆ, ಆರು ತಿಂಗಳು ತಪ್ಪದೆ ನಡೆಯಬೇಕಾದ ಕ್ಷಯರೋಗದ ಔಷಧವು ನಡುವೆ ನಿಂತು, ರೋಗವು ಬಲಿತು, ಗುಡಿಸಲಿಂದ ಗುಡಿಸಲಿಗೆ ಹಬ್ಬೀತು. ಆಕೆ ಏಕೆ ಬಾರದೆ ಹೋದಳೆಂಬುದನ್ನು ಲಾಗ್‌ಬುಕ್ಕು ಹೇಳದು. ಆಶಾ ಕಾರ್ಯಕರ್ತೆ ಹೇಳಬಲ್ಲಳು. ಆನೆಯ ಗುಣವನ್ನು ತಿಳಿಯಬೇಕಾದರೆ ದಫ್ತರವನ್ನು ನೋಡಿದರೆ ಸಾಲದು, ಮಾವುತನನ್ನೂ ಕಾವಾಡಿಯನ್ನೂ ಕೇಳಬೇಕೆಂಬುದನ್ನು ಖೆಡ್ಡಾಗಳನ್ನು ಕಂಡ ಆ ಸೀಮೆಯವರಿಗೆ ಯಾರೂ ಕಲಿಸಬೇಕಾಗಿಲ್ಲ.

ಮೈಸೂರು ಮೆಡಿಕಲ್ ಕಾಲೇಜಿನ ವಿದ್ಯಾರ್ಥಿಗಳು 1984ರಲ್ಲಿ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟನ್ನು ಸ್ಥಾಪಿಸಿ, ಹೆಗ್ಗಡದೇವನಕೋಟೆಯ ಸೀಮೆಗೆ ಹೋಗಿ ಹಾಡಿಗಳವರ ಸೇವೆಗೆ ನಿಂತುದು ಸರ್ವವಿದಿತ. ಅಂಥ ಸ್ವಯಂಪ್ರೇರಣೆಯನ್ನು ಎಲ್ಲರಿಂದಲೂ ನಿರೀಕ್ಷಿಸಲಾಗದು. ನಿಯಮದ ಮೇಲೆ ಹಳ್ಳಿಗೆ ಬರುವ ತರುಣರಿಗೆ ತಮ್ಮ ನಡತೆಯನ್ನು ಕಾಣಿಸುವ ಕನ್ನಡಿಯೊಂದು ಬೇಕು.

ಬ್ರಿಟನ್ನಿನಲ್ಲಿ ಹೊಸ ವೈದ್ಯರಿಗಾಗಿ 2005ರಲ್ಲಿ ದೇಶಾದ್ಯಂತ ಆರಂಭವಾದ ಶಿಕ್ಷಣಕ್ರಮದಲ್ಲಿ ಈ ಪದ್ಧತಿಗೆ ಸ್ಥಾನವುಂಟು. ಹಿರಿಯ ವೈದ್ಯರು, ದಾದಿಯರು ಮೊದಲಾಗಿ ಹಲವರಿಂದ ಅಭಿಪ್ರಾಯ ಪಡೆಯುತ್ತಾರೆ. ಒಬ್ಬಿಬ್ಬರ ಮಾತು ಸಾಲದು. ಅಮೇರಿಕೆಯಲ್ಲಿ ವೃತ್ತಿನಿರತ ವೈದ್ಯರನ್ನು ಕುರಿತು ನಡೆದು 1993ರಲ್ಲಿ ಪ್ರಕಟವಾದ ಶೋಧನೆಯೊಂದು, ಸುಮಾರು 11 ಮಂದಿ ಸಹೋದ್ಯೋಗಿಗಳ ಅಭಿಪ್ರಾಯ ಸೇರಿದರೆ ನಂಬತಕ್ಕ ನಿರ್ಣಯ ದೊರೆಯುವುದೆಂದು ತೋರಿಸಿತು.

ಇದರಿಂದ ಹಗೆ ತೀರಿಸಿಕೊಳ್ಳುವವರಿಗೆ ಅವಕಾಶವಾದೀತೆಂದು ಕೆಲವರು ಆಕ್ಷೇಪಿಸಬಹುದು. ಜಾತಿಯ ಅಭಿಮಾನವೂ ನುಸುಳೀತೆಂದು ಶಂಕಿಸಬಹುದು. ಶಂಕೆಯು ನಿರಾಧಾರವೆಂದು ನಾವು ಹೇಳೆವು. ಆದರೆ ಒಬ್ಬನೇ ಮೇಲಧಿಕಾರಿಯ ರುಜುವಿನಲ್ಲಿಯೂ ಅದೇ ಹಗೆ, ಅದೇ ಅಭಿಮಾನ ಅಡಗಿರಬಹುದಲ್ಲವೇ? ಹತ್ತಾರು ಮಂದಿಯ ಮಾತಿನಲ್ಲಿ ಒಬ್ಬನ ಕೋಪವು ಕರಗಿಹೋಗುತ್ತದೆ. ದಾದಿಯು ವೈದ್ಯನ ಗುಣದೋಷವನ್ನು ಹೇಳುವುದು ವೈದ್ಯನಿಗೆ ಕುಂದೆಂಬವರಿಗೆ ನಮ್ಮ ಉತ್ತರವಿಷ್ಟೇ: ಆತನ ಆಜ್ಞೆಯನ್ನು ನಡೆಸುವವಳು ಆಕೆ, ಆತನ ತಪ್ಪನ್ನು ಎಷ್ಟೋ ವೇಳೆ ಸಕಾಲದಲ್ಲಿ ತಡೆಯುವವಳೂ ಆಕೆಯೇ.

ಮೂರು ಕಟ್ಟಳೆಗಳು ಮಾತ್ರ ಅವಶ್ಯ. ಅಭಿಪ್ರಾಯ ಕೊಟ್ಟವರ ಹೆಸರು ಗುಟ್ಟಾಗಿರಬೇಕು. ಎಲ್ಲವನ್ನೂ ಒಟ್ಟುಗೂಡಿಸಿ ನಂಬಿಕೆಯ ಗುರುವೊಬ್ಬರು ಏಕಾಂತದಲ್ಲಿ ತಿಳಿಸಬೇಕು. ಮೊದಲ ಸಾರಿ ವರ್ಷದ ನಡುವೆಯೇ ನಡೆಸಿ, ತಿದ್ದಿಕೊಳ್ಳಲು ಕಾಲ ಕೊಟ್ಟು, ಕೊನೆಯಲ್ಲಿ ಮತ್ತೊಮ್ಮೆ ನೋಡಬೇಕು. ತೇರ್ಗಡೆಯ ದಂಡವಾಗಿ ಇದನ್ನು ಬಳಸಿದೊಡನೆ ಒಬ್ಬರೂ ನಿಜ ಹೇಳರು.

ಇದಕ್ಕೆ ಹೊಸ ಕಟ್ಟಡ ಬೇಡ, ಹೆಚ್ಚು ಹಣವೂ ಬೇಡ. ಹೆಗ್ಗಡದೇವನಕೋಟೆ, ಸರಗೂರು ತಾಲ್ಲೂಕುಗಳಿಗೆ ನಿಯೋಜಿತರಾಗುವ ಹೌಸ್‌ಸರ್ಜನರಿಂದಲೇ ಆರಂಭಿಸಿ ನೋಡಬಹುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದವರೂ ಕಾಲೇಜುಗಳ ಮುಖ್ಯಸ್ಥರೂ ಈ ವಿಷಯವನ್ನು ಪರ್ಯಾಲೋಚಿಸುವರೆಂದು ಆಶಿಸುತ್ತೇವೆ.