ಹುಳಾನೂ ಬೇಡ, ಔಷಧಿನೂ ಬೇಡ ಅಂದ್ರೆ ಹೆಂಗೆ ಸ್ವಾಮಿ?

ಒಂದೇ ಒಂದು ಹುಳ ಕಂಡ್ರೆ ಸಾಕು, ಅಲಸಂದೆ ಪ್ಯಾಕೆಟ್ಟಿನ ಫೋಟೋ ಹೊಡೆದು, ಒಂದು ಸ್ಟಾರ್ ಕೊಟ್ಟು ವಾಪಸ್ ಕಳಿಸೋ ಜನ ನಾವು. ಅದೇ ಪ್ಯಾಕೆಟ್ ಮೇಲೆ ‘ಕೆಮಿಕಲ್ ಫ್ರೀ’ ಅಂತ ಇಲ್ಲದಿದ್ರೆ ಮುಟ್ಟೋದೂ ಇಲ್ಲ. ಎರಡೂ ಒಟ್ಟಿಗೆ ಬೇಕು ಅಂದ್ರೆ ನಮ್ಮ ಹಾಸನದ ಕಡೆ ರೈತ ಏನು ಮಾಡಬೇಕು?

ಅಲಸಂದೆ ಹುಳ ನಿಮ್ಮ ಡಬ್ಬಿಯಲ್ಲಿ ಹುಟ್ಟಿದ್ದಲ್ಲ. ಹೊಲದಲ್ಲಿ ಕಾಯಿ ಬಲಿಯುವಾಗಲೇ ತಾಯಿಹುಳ ಮೊಟ್ಟೆ ಅಂಟಿಸಿ ಹೋಗಿರುತ್ತೆ. ಮರಿ ಕಾಳಿನೊಳಗೇ ಬೆಳೆದು, ದುಂಡಗೆ ತೂತು ಕೊರೆದು ಹೊರಬರುತ್ತೆ. ಇದಕ್ಕೆ ರೈತನನ್ನ ಬೈಯೋದು, ಬಗ್ ಹಿಡಿದುಕೊಟ್ಟ ಟೆಸ್ಟರ್‌ನೇ ಬಗ್ ಹಾಕಿದ ಅಂದಹಾಗೆ.

ನಮ್ಮೂರ ಮನೆಗಳಲ್ಲಿ ಇದಕ್ಕೆ ಉಪಾಯ ಇದೆ. ಹಲ್ಲಲ್ಲಿ ಕಡಿದ್ರೆ ಕಟ್ ಅನ್ನೋವಷ್ಟು ಕಾಳು ಒಣಗಬೇಕು. ಆಮೇಲೆ ಬೇವಿನ ಸೊಪ್ಪಿನ ಪುಡಿಯೋ ಲಕ್ಕಿ ಸೊಪ್ಪಿನ ಪುಡಿಯೋ, ಏನೂ ಇಲ್ಲದಿದ್ರೆ ಒಲೆ ಬೂದಿ. ತಿನ್ನೋ ಕಾಳಿಗೆ ಹರಳೆಣ್ಣೆ ಸವರಿದ್ರೂ ಆಯ್ತು, ಕೆಜಿಗೆ 5 ಮಿ.ಲೀ. ಸಾಕು, ಮೊಟ್ಟೆ ಉಸಿರುಕಟ್ಟಿ ಸಾಯುತ್ತೆ. ಬಿತ್ತನೆ ಬೀಜಕ್ಕೆ ಬಜೆ ಪುಡಿ, ಕ್ವಿಂಟಾಲಿಗೆ 1 ಕೆಜಿ. ಬಜೆಯಲ್ಲಿರೋ ಬೀಟಾ-ಅಸರೋನ್ ಹುಳದ ಸಂತಾನಶಕ್ತಿಯನ್ನೇ ಕೆಡಿಸುತ್ತೆ. ಅದನ್ನ ತಿನ್ನೋ ಕಾಳಿಗೆ ಹಾಕಬೇಡಿ ಮತ್ತೆ. ಇಲಿಗಳಿಗೆ ಕ್ಯಾನ್ಸರ್ ಬಂತು ಅಂತ ಅಮೆರಿಕ 1968ರಲ್ಲೇ ಬಜೆಯನ್ನ ಆಹಾರದಲ್ಲಿ ನಿಷೇಧಿಸಿತು. ಗಿಡದ್ದು ಅಂದ ತಕ್ಷಣ ಕೈಮುಗಿಯೋರು ಇದನ್ನ ಗಮನಿಸಿ.

ಇನ್ನು ರಾಗಿ ಮೇಲೆ ಬೇವಿನೆಲೆ ಇಟ್ಟು ಜಾಹೀರಾತು ಮಾಡೋರು! ರಾಗಿ ಎಷ್ಟು ಸಣ್ಣ ಕಾಳು ಅಂದ್ರೆ ಒಳಗೆ ಹುಳ ಬೆಳೆಯೋಕೆ ಜಾಗಾನೇ ಇಲ್ಲ. ಹಳೇ ಮೈಸೂರಿನ ಕಡೆ ಅದನ್ನ ಹಗೇವಿನಲ್ಲಿ ವರ್ಷಗಟ್ಟಲೆ ಇಟ್ಟು ತಿಂದಿದ್ದಾರೆ.

ಪುಡಿಗೆ ಮಿತಿ ಇದೆ, ಅದನ್ನೂ ಹೇಳ್ತೀನಿ. ಹುಳ ಕಮ್ಮಿಯಾಗುತ್ತೆ, ತಡವಾಗುತ್ತೆ, ಪೂರ್ತಿ ಹೋಗಲ್ಲ. ಆಗಾಗ ಬಿಸಿಲಿಗೆ ಹರಡಬೇಕು, ಜರಡಿ ಹಿಡೀಬೇಕು. ಅಷ್ಟಾಗಿಯೂ ನಾಲ್ಕು ಕಾಳು ತೂತಾಗಿದ್ರೆ ನಮ್ಮವ್ವ ನೀರಿಗೆ ಹಾಕಿ ತೇಲಿದ್ದನ್ನ ತೆಗೆದು ಮಿಕ್ಕಿದ್ದನ್ನ ಸಾರಿಗೆ ಹಾಕ್ತಾರೆ. ಸಿಟಿಯಲ್ಲಾದ್ರೆ ಚೀಲವೇ ವಾಪಸ್.

ಹಂಗೆ ವಾಪಸ್ ಬಂದ ಚೀಲದ ಬಾಡಿಗೆ ಹೊಳೆನರಸೀಪುರದ್ದೋ ಅರಕಲಗೂಡಿನದ್ದೋ ರೈತನ ತಲೆ ಮೇಲೆ. ಮುಂದಿನ ಸಲ ಅವನು ಬೇವು ಹುಡುಕಲ್ಲ, ‘ಮಾತ್ರೆ’ ಹುಡುಕ್ತಾನೆ. ಅಲ್ಯೂಮಿನಿಯಂ ಫಾಸ್ಫೈಡ್. ತೇವ ತಾಕಿದ್ರೆ ಫಾಸ್ಫೀನ್ ಅನಿಲ ಬಿಡುತ್ತೆ, ಆ ವಿಷಕ್ಕೆ ಮದ್ದಿಲ್ಲ. ತರಬೇತಿ ಆದವರು ಗೋದಾಮಿನಲ್ಲಿ ಬಳಸಬೇಕಾದ ವಸ್ತು ಅದು. ಆದ್ರೆ ಚನ್ನರಾಯಪಟ್ಟಣದ ಕಡೆ ಸಣ್ಣ ರೈತನಿಗೆ ಗೋದಾಮು ಎಲ್ಲಿದೆ? ಕಾಳಿನ ಚೀಲ ಇರೋದು ಮಕ್ಕಳು ಮಲಗೋ ಕೋಣೆಯಲ್ಲೇ. ಗಾಳಿಯಾಡಿದ ಮೇಲೆ ಅನಿಲ ಹಾರಿಹೋಗುತ್ತೆ, ನಿಮ್ಮ ಕೈಗೆ ಬರೋದು ಒಂದೂ ಹುಳ ಇಲ್ಲದ ಚೆಂದದ ಕಾಳು. ಅದಕ್ಕೆ ನೀವು ಐದು ಸ್ಟಾರ್ ಕೊಡ್ತೀರಿ.

ಹುಳ ಕಂಡ್ರೆ ಜರಡಿ ಹಿಡಿದು, ಕಾಳನ್ನ ಒಂದು ವಾರ ಫ್ರೀಜರ್‌ನಲ್ಲಿಡಿ. ಮೊಟ್ಟೆ, ಮರಿ ಎಲ್ಲ ಸಾಯುತ್ತೆ.